ಮೂರೆಲೆ ಅಚ್ಚು ಬೀಳದ ಮಧ್ಯಾಹ್ನ

ಮೊದಲೇ ಹೇಳಿಬಿಡ್ತೀನಿ, ನನಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ. ನಾನು ಕುಲುಮೆಯವನು. ಕಬ್ಬಿಣ ಕಾಯಿಸಿದರೆ ಮೆತ್ತಗಾಗ್ತದೆ, ಹದ ನೋಡಿ ನೀರಿಗೆ ಬಿಟ್ಟರೆ ಗಟ್ಟಿಯಾಗ್ತದೆ, ನಡುವೆ ದೆವ್ವಕ್ಕೂ ಭೂತಕ್ಕೂ ನುಗ್ಗಕ್ಕೆ ಜಾಗವೇ ಇಲ್ಲ. ಯಾರಾದರೂ ಬಂದು ಕೆರೆ ಏರಿ ಮೇಲೆ ಏನೋ ಕಂಡೆ ಆಚಾರ್ರೇ ಅಂದರೆ, ಅದಕ್ಕೆ ಮುಂಚೆ ಎಲ್ಲಿ ಕೂತಿದ್ದೆ, ಏನು ಕುಡಿದಿದ್ದೆ ಅಂತ ಕೇಳ್ತಿದ್ದೆ. ನಮ್ಮ ಮನೆಯೋಳು ಒಂದು ಸಲ ಯಂತ್ರ ಕಟ್ಟಿಸಿಕೊಂಡು ಬಂದಳು. ತಾಮ್ರ ತೆಳ್ಳಗಿದೆ, ಮೋಸ ಹೋದೆ ಅಂದೆ. ಎರಡು ದಿನ ಮಾತಾಡಲಿಲ್ಲ.

ಅಂಥವನು ಈಗ ಕೂತು ಇದನ್ನ ಬರೀತಿದ್ದೀನಿ ಅಂದರೆ ಅದಕ್ಕೆ ಕಾರಣ ನನ್ನ ಮೊಮ್ಮಗಳು ಚೈತ್ರ. ಹೋದ ವಾರ ಅವಳೊಂದು ಕೆಲಸ ಮಾಡಿದಳು. ಅದನ್ನ ಈಗಲೇ ಹೇಳಿಬಿಟ್ಟರೆ ಮಿಕ್ಕಿದ್ದು ಬರೆಯಕ್ಕೆ ನನ್ನ ಕೈ ನಿಲ್ಲಲ್ಲ, ಆಮೇಲೆ ಹೇಳ್ತೀನಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ನಾನು ಬರೆದದ್ದಕ್ಕೆ ಒತ್ತಕ್ಷರ ಎಲ್ಲ ಅವಳೇ ಕೊಟ್ಟಿದ್ದಾಳೆ. 'ತಾತ, ವಿಷಯ ನಿಂದು, ಬಾಲಗೋಳು ನಂದು' ಅಂತಾಳೆ.

ನಮ್ಮೂರು ಪಿರಿಯಾಪಟ್ಟಣ ತಾಲೂಕು. ಕುಲುಮೆ ಬಾಗಿಲಲ್ಲಿ ನಿಂತರೆ ಬೆಟ್ಟದಪುರದ ಬೆಟ್ಟ ಎದುರಿಗೇ ಕಾಣ್ತದೆ. ಸುತ್ತ ಎಲ್ಲ ಹೊಗೆಸೊಪ್ಪು, ಶುಂಠಿ, ರಾಗಿ. ಮೊದಲು ಕುಳ, ಗುದ್ದಲಿ, ಕುಡುಗೋಲು ಎಲ್ಲ ಮಾಡ್ತಿದ್ದೆವು. ಈಗ ಅವೆಲ್ಲ ಅಂಗಡಿಯಲ್ಲೇ ಸಿಕ್ತವೆ. ಆದರೆ ಮಚ್ಚು ಮಾತ್ರ ಕುಲುಮೆಯದೇ ಆಗಬೇಕು ಅನ್ನೋ ಜನ ಇನ್ನೂ ಇದ್ದಾರೆ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತಂದು, ಕಾಯಿಸಿ, ಬಡಿದು, ಅಂಚಿಗೆ ಹದ ಹಾಕಿ ಕೊಟ್ಟರೆ ಅಪ್ಪ ಕೊಂಡಿದ್ದನ್ನ ಮಗ ಹಿಡೀಬಹುದು.

ಈ ಮಚ್ಚಿನ ವಿಷಯದಲ್ಲಿ ನನ್ನದೊಂದು ಗುಟ್ಟಿತ್ತು. ಎಚ್.ಡಿ. ಕೋಟೆ ಕಡೆ ಕಾಡಂಚಿನ ಊರಲ್ಲಿ ಹಿಂದೆ ಒಬ್ಬ ದೊಡ್ಡ ಆಚಾರ್ರಿದ್ದರು. ಅವರ ಮಚ್ಚಿನ ಬೆನ್ನಿಗೆ ಬಿಲ್ವಪತ್ರೆಯ ಮೂರೆಲೆ ಅಚ್ಚು ಇರ್ತಿತ್ತು. ಸಂತೆಗೆ ಬಂದವರು ಮಚ್ಚು ನೋಡ್ತಿರಲಿಲ್ಲ, ಎಲೆ ನೋಡ್ತಿದ್ದರು. ನಮ್ಮಪ್ಪನ ಮಚ್ಚು ಚೆನ್ನಾಗಿಯೇ ಇತ್ತು, ಆದರೂ ಹೊತ್ತುಕೊಂಡು ಹೋದಷ್ಟೂ ವಾಪಸ್ ಹೊತ್ತುಕೊಂಡು ಬರೋದು. ಒಂದು ದಿನ ಬೇಜಾರಾಗಿ ಅಪ್ಪ ಮೂರೆಲೆಯ ಅಚ್ಚಿನ ಉಳಿಯೊಂದನ್ನ ತಾನೇ ಕೆತ್ತಿಕೊಂಡ. ಮುಂದಿನ ಸಂತೇಲಿ ಒಂದೂ ಉಳೀಲಿಲ್ಲ. ಅಪ್ಪ ಹೋದ ಮೇಲೆ ಆ ಉಳಿ ಸವೆದು ಹೋಯ್ತು. ನಾನು ಅದನ್ನ ನೋಡಿಕೊಂಡು ಹೊಸದೊಂದು ಕೆತ್ತಿದೆ. ಕೈ ನಡುಗಿ ಒಂದು ಎಲೆ ಸ್ವಲ್ಪ ಸೊಟ್ಟಗಾಯ್ತು. ಯಾರೂ ಕೇಳಲಿಲ್ಲ.

ನಲವತ್ತು ವರ್ಷ ಹೀಗೇ ಇನ್ನೊಬ್ಬರ ಎಲೆ ಹಾಕಿಕೊಂಡು ಬಂದೆ. ಮನೆಯೋಳಿಗೂ ಹೇಳಿರಲಿಲ್ಲ. ಇದು ಬಯಲಾದರೆ ಬೆಟ್ಟದಪುರದ ಸಂತೇಲಿ ಮುಖ ಎತ್ತಂಗಿಲ್ಲ, ಕುಲುಮೆ ಬೆಂಕಿ ಆರಿಸಬೇಕು, ಅಷ್ಟೇ ಅಂದುಕೊಂಡಿದ್ದೆ.

ಎಂಟು ವರ್ಷದ ಹಿಂದಿನ ಮಾತು. ಆಯುಧಪೂಜೆಗೆ ಇನ್ನೊಂದು ವಾರ ಇತ್ತು. ಬೆಳಿಗ್ಗೆ ನನ್ನ ಗೆಳೆಯ ಮಾದಪ್ಪ ಹಳೇ ಪಂಚೆಯಲ್ಲಿ ಸುತ್ತಿದ ಉದ್ದದ ಗಂಟೊಂದನ್ನ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ. ಅದರೊಳಗೆ ಏನಿದೆ ಅಂತ ಊರಿಗೇ ಗೊತ್ತು. ಅವನ ತಾತ ಬರ್ಮಾ ಯುದ್ಧಕ್ಕೆ ಹೇಸರಗತ್ತೆ ಹೊಡೆಯೋ ಕೆಲಸಕ್ಕೆ ಹೋಗಿದ್ದವನು ಬರುವಾಗ ಒಂದು ಜಪಾನಿ ಕತ್ತಿ ತಂದಿದ್ದ. ದೊಡ್ಡ ಅಧಿಕಾರಿಯೊಬ್ಬ ಸೋತು ಶರಣಾಗಿ ತನ್ನ ಕೈಗೇ ಕೊಟ್ಟ ಅಂತ ಹೇಳ್ತಿದ್ದನಂತೆ. ಕತ್ತೆ ಹೊಡೆಯೋನ ಕೈಗೆ ಅಧಿಕಾರಿ ಯಾಕೆ ಕತ್ತಿ ಕೊಟ್ಟ ಅಂತ ಊರವರು ಮೂರು ತಲೆಮಾರಿಂದ ನಗ್ತಾನೇ ಇದ್ದಾರೆ. ಮಾದಪ್ಪನಿಗೆ ಜಪಾನ್ ಮಾದಪ್ಪ ಅಂತಲೇ ಹೆಸರು.

ಅವರ ಮನೇಲಿ ಪ್ರತಿ ವರ್ಷ ಆಯುಧಪೂಜೆಗೆ ಆ ಕತ್ತಿಯನ್ನ ಹುಣಸೆಹಣ್ಣು, ಬೂದಿ ಹಾಕಿ ಚೆನ್ನಾಗಿ ತಿಕ್ಕಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಅದರಲ್ಲೇ ಬೂದುಗುಂಬಳಕಾಯಿ ಒಡೀತಿದ್ದರು. ಎಪ್ಪತ್ತು ವರ್ಷ ತಿಕ್ಕಿದ್ದಾರೆ. ಇದು ಅಪಚಾರ ಅಂತ ನಮಗೆ ಯಾರಿಗೆ ಗೊತ್ತಿತ್ತು? ಆಯುಧ ಅಂದರೆ ತಿಕ್ಕಬೇಕು.

'ಲೋ ಆಚಾರಿ, ಇದ್ರ ಇಡಿ ಕಳಚಿ ಕೊಡ್ಲಾ' ಅಂದ ಮಾದಪ್ಪ. 'ಮೈಸೂರಿಂದ ಒಬ್ರು ಬತ್ತಾವ್ರೆ ಶನಿವಾರ. ಅಳೇ ಕತ್ತಿ ಎಲ್ಲ ತಿಳ್ಕೊಂಡೋರು. ಪೋನಲ್ಲಿ ಪೋಟ ನೋಡಿ, ಇಡಿ ಒಳಗೆ ಮಾಡ್ದೋನ ಎಸ್ರು ಇರ್ತದೆ, ಅದೇ ಮುಖ್ಯ ಅಂದ್ರು.'

'ಮಾರ್ತೀಯೇನ್ಲಾ?'

'ಮಾರೋದು ಬುಡೋದು ಆಮೇಲೆ. ಒಳ್ಳೇ ಎಸ್ರಿದ್ರೆ ನಮ್ ತಾತ ಏಳಿದ್ದು ದಿಟ ಆಯ್ತದೆ. ಒಂದೊಂದು ಬಾಯಿಗೂ ಬೀಗ ಹಾಕ್ತೀನಿ ನೋಡ್ತಿರು.'

ಅಷ್ಟರಲ್ಲಿ ಚೈತ್ರ ಓಡಿ ಬಂದಳು. ಆಗ ಐದನೇ ಕ್ಲಾಸು, ದಸರಾ ರಜ. ನನ್ನ ಮಗಳ ಮಗಳು, ಪಕ್ಕದ ಬೀದೀಲೇ ಮನೆ. ನನ್ನ ಮಗನಿಗೆ ಕುಲುಮೆಯ ಹೊಗೆ ಆಗಲ್ಲ, ಹುಣಸೂರಲ್ಲಿ ಆಟೋ ಓಡಿಸ್ತಾನೆ. ಇವಳಿಗೆ ಮಾತ್ರ ನಡೆಯಕ್ಕೆ ಬಂದಾಗಿಂದ ಕುಲುಮೆಯೇ ಅಂಗಳ. ಅವರಜ್ಜಿ ಬೈದು ಬೈದು ಸುಸ್ತಾಗಿದ್ದಳು.

ಕತ್ತಿಯ ಹಿಡಿ ಒಂದೇ ಒಂದು ಮೊಳೆಯ ಮೇಲೆ ನಿಂತಿತ್ತು. ಆ ಮೊಳೆ ಬಿದಿರಿನದು! ಕಬ್ಬಿಣಕ್ಕೆ ಬಿದಿರಿನ ಮೊಳೆ ಹೊಡೆದವನು ಎಂಥಾ ಬುದ್ಧಿವಂತ ಅಂತ ನನಗೆ ನಗು ಬಂತು. ನೀರು ಕುಡಿದು ಉಬ್ಬಿ ಕೂತಿತ್ತು, ಅದಕ್ಕೇ ಇಷ್ಟು ವರ್ಷ ಯಾರ ಕೈಗೂ ಹಿಡಿ ಕಳಚಿರಲಿಲ್ಲ. ಸಣ್ಣ ಕಡ್ಡಿ ಇಟ್ಟು ಮೆತ್ತಗೆ ತಟ್ಟಿ ತಟ್ಟಿ ಒಂದು ಗಂಟೆಯಲ್ಲಿ ಬಿಡಿಸಿದೆ. ಒಳಗೆ ಗೇಣುದ್ದದ ಕಬ್ಬಿಣದ ಬಾಲ, ಹಳೇ ಬೆಲ್ಲದ ಬಣ್ಣದ ತುಕ್ಕು, ಅದರ ಮೇಲೆ ಮೇಲಿಂದ ಕೆಳಗೆ ಕೆತ್ತಿದ ಅಕ್ಷರ. ಮಾದಪ್ಪ ಕೈ ಮುಗಿದುಬಿಟ್ಟ.

'ಇದ್ದದೆ ಕಣ್ಲಾ, ಎಸ್ರು ಇದ್ದದೆ! ತಾತ ಸುಳ್ಳೇಳಿಲ್ಲ!' ಅಂತ ಕುಣಿದಾಡಿದ. ಅಲ್ಲೇ ಫೋಟ ತೆಗೆದು ಮೈಸೂರಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಅದು ಭಾರೀ ದೊಡ್ಡ ಹೆಸರು, ಕಣ್ಣಾರೆ ನೋಡೋವರೆಗೂ ಏನೂ ಹೇಳಂಗಿಲ್ಲ, ಹಾಗೇ ಇಟ್ಟಿರಿ ಅಂತ. ಮಾದಪ್ಪನ ಕಿವಿಗೆ ಬಿದ್ದದ್ದು ದೊಡ್ಡ ಹೆಸರು ಅನ್ನೋದಷ್ಟೇ.

'ಒಂದು ಕೆಲ್ಸ ಮಾಡು. ಉಣಸೇಹಣ್ಣು ಹಾಕಿ ತಿಕ್ಕಿ ಬೆಳ್ಳಗೆ ಮಾಡು. ಅಕ್ಷರ ಎಲ್ಲೆಲ್ಲಿ ಮಾಸೋಗವೋ ಅಲ್ಲಿ ನಿನ್ ಉಳೀಲಿ ಒಂಚೂರು ಆಳ ಮಾಡು. ಬಂದೋರ ಕಣ್ಣಿಗೆ ಒಡೀಬೇಕು' ಅಂದ. ನಾಳೆ ಬತ್ತೀನಿ ಅಂತ ಹೊರಟೇ ಹೋದ.

ನಾನು ಹುಣಸೆಹಣ್ಣು ನೆನೆಹಾಕಿದೆ. ಅಷ್ಟರಲ್ಲಿ ಕತ್ತಿಯನ್ನ ಬಿಸಿಲಿಗೆ ಹಿಡಿದು ನೋಡಿದೆನೋ ಇಲ್ಲವೋ, ಕೈ ನಿಂತಿತು. ಮೊದಲು ಅಲಗು ನೋಡಿದೆ. ಅಷ್ಟು ತಿಕ್ಕಿಸಿಕೊಂಡಿದ್ದರೂ ಅಂಚಿನ ಉದ್ದಕ್ಕೂ ಮಂಜಿನ ಗೆರೆಯಂಥ ಬಿಳಿ ಅಲೆ ಇನ್ನೂ ಇತ್ತು. ಅಂಚಿಗೆ ಮಾತ್ರ ಹದ, ಬೆನ್ನು ಮೆತ್ತಗೆ. ನಾವು ಮಚ್ಚಿಗೆ ಮಾಡೋದೂ ಅದನ್ನೇ. ಆದರೆ ಅವನ ಕೈ ಎಲ್ಲಿ, ನನ್ನ ಕೈ ಎಲ್ಲಿ! ಎಲ್ಲೂ ಒಂದು ಏಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ಎಂದೋ ಸತ್ತ, ಯಾವ ದೇಶದವನೋ ಗೊತ್ತಿಲ್ಲದ ಆ ಆಚಾರಿಗೆ ಮನಸ್ಸಲ್ಲೇ ಶರಣು ಅಂದೆ.

ಆಮೇಲೆ ಅಕ್ಷರ ನೋಡಿದೆ. ಜಪಾನಿ ಅಕ್ಷರ ನನಗೆಲ್ಲಿ ಬರ್ತದೆ? ಆದರೆ ಉಳಿಯ ಗಾಯ ಓದಕ್ಕೆ ಬರ್ತದೆ. ಸುತ್ತ ತುಕ್ಕು ಕಪ್ಪಗೆ, ಮಂದವಾಗಿ, ನುಣ್ಣಗೆ ಕೂತಿತ್ತು. ಅಕ್ಷರದ ಒಳಗೆ ಮಾತ್ರ ತುಕ್ಕಿನ ಬಣ್ಣ ತೆಳು. ಅಂಚು ಹೆಬ್ಬೆಟ್ಟಿಗೆ ಇನ್ನೂ ತಾಗ್ತಿತ್ತು. ಅಂದರೆ ಹೆಸರು ಕೆತ್ತಿದ ಮೇಲೆ ತುಕ್ಕು ಬಂದದ್ದಲ್ಲ, ತುಕ್ಕಿನ ಮೇಲೆ ಹೆಸರು ಕೆತ್ತಿದ್ದು. ಅದೂ ಅಲ್ಲದೆ ಒಂದೊಂದು ಗೀಟೂ ಅಳುಕಿ ಅಳುಕಿ ಹೋಗಿತ್ತು, ಪಕ್ಕದವನದು ನೋಡಿ ಬರೆಯೋ ಹುಡುಗನ ಪರೀಕ್ಷೆ ಹಾಳೆ ಇದ್ದ ಹಾಗೆ. ಅಂಥಾ ಅಲಗು ಬಡಿದವನ ಕೈ ಹೀಗೆ ಅಳುಕಲ್ಲ. ಈ ಅಳುಕು ನನಗೆ ಹೆಂಗೆ ಗೊತ್ತಾಯ್ತು ಅಂತ ನಾನು ಹೇಳಬೇಕಾಗಿಲ್ಲ. ನನ್ನ ಸೊಟ್ಟ ಎಲೆಯೂ ಹಾಗೇ ಇತ್ತು.

ಹುಣಸೆಹಣ್ಣಿನ ಬಟ್ಟಲು ಪಕ್ಕಕ್ಕಿಟ್ಟೆ. ಕತ್ತಿಯನ್ನ ಪಂಚೆಯಲ್ಲಿ ಸುತ್ತಿ ಗೋಡೆ ಹಲಗೆಯ ಮೇಲೆ ಮಲಗಿಸಿದೆ. ಮಾದಪ್ಪನಿಗೆ ಏನು ಹೇಳೋದು ಅನ್ನೋದು ನಾಳೆಯ ತಲೆನೋವು, ಇವತ್ತಿನ ಕೆಲಸ ಮುಗಿಸೋಣ ಅಂತ ಊಟ ಮಾಡಿ ಬಂದೆ. ಸಂತೆಗೆ ಹನ್ನೊಂದು ಮಚ್ಚು ತಯಾರಿದ್ದವು. ಇನ್ನೂ ಹದ ಹಾಕಿರಲಿಲ್ಲ. ಅಚ್ಚು ಒತ್ತೋದು ಯಾವಾಗಲೂ ಹದಕ್ಕೆ ಮುಂಚೆ, ಕಬ್ಬಿಣ ಮೆತ್ತಗಿದ್ದಾಗ. ಮರೀಬೇಡಿ, ಈ ಮಾತು ಮುಂದೆ ಬೇಕಾಗ್ತದೆ.

ಚೈತ್ರ ಬ್ಲೋವರ್ ತಿರುಗಿಸಿದಳು. ಮೊದಲನೇ ಮಚ್ಚು ಕೆಂಪಗೆ ಕಾದಿತ್ತು. ಅಡೆಗಲ್ಲಿನ ಮೇಲಿಟ್ಟು, ಬೆನ್ನಿಗೆ ಅಚ್ಚಿನ ಉಳಿ ಹಿಡಿದು, ಒಂದೇ ಏಟು ಕೊಟ್ಟೆ. ನಲವತ್ತು ವರ್ಷದಿಂದ ಕೊಡ್ತಿರೋ ಏಟು. ಉಳಿ ತೆಗೆದರೆ ಅಲ್ಲಿ ಏನೂ ಇಲ್ಲ.

ಜಾರಿತೇನೋ ಅಂದುಕೊಂಡು ಇನ್ನೊಂದು ಕೊಟ್ಟೆ. ಉಳಿ ಕೈಯಲ್ಲಿ ಎಗರಿತು, ಮಚ್ಚಿನ ಮೇಲೆ ಒಂದು ಚುಕ್ಕಿಯೂ ಬೀಳಲಿಲ್ಲ. ಮತ್ತೆ ಕಾಯಿಸಿದೆ. ಮತ್ತೆ ಹೊಡೆದೆ. ಇಲ್ಲ. ಇದೊಂದು ಪಟ್ಟಿ ಸರಿ ಇಲ್ಲ ಅಂತ ಎರಡನೇ ಮಚ್ಚು ತಗೊಂಡೆ. ಅದಕ್ಕೂ ಇಲ್ಲ. ಮೂರನೇದಕ್ಕೂ ಇಲ್ಲ. ಒಂದು ಮಾತು ಹೇಳ್ತೀನಿ, ನೀವು ನಗಬಹುದು. ಪ್ರತಿ ಏಟಿಗೂ ಸದ್ದು ಅಡೆಗಲ್ಲಿಂದ ಬರಬೇಕಲ್ಲ? ಅದು ಬರ್ತಿತ್ತು. ಅದರ ಹಿಂದೆಯೇ ಹಲಗೆಯ ಮೇಲಿಂದ, ಆ ಪಂಚೆಯ ಗಂಟಿನೊಳಗಿಂದ ಇನ್ನೊಂದು ಸಣ್ಣ ಸದ್ದು, ಕಂಚಿನ ತಟ್ಟೆಗೆ ಉಗುರು ತಾಗಿಸಿದ ಹಾಗೆ, 'ಣಿನ್' ಅಂತ.

'ತಾತ, ಮೇಲೆ ಯಾರೋ ಗಂಟೆ ಹೊಡೀತಾವ್ರೆ' ಅಂದಳು ಚೈತ್ರ. ಅವಳಿಗೂ ಕೇಳ್ತಿತ್ತು ಅನ್ನೋದಕ್ಕೆ ಹೇಳಿದೆ.

ಉಳಿಯ ಬಾಯಿ ನೋಡಿದೆ. ಮೂರೆಲೆ ಸರಿಯಾಗೇ ಇದ್ದವು. ಮೂಲೇಲಿ ಬಿದ್ದಿದ್ದ ಹಳೇ ಕುಳದ ತುಂಡು ಕಾಯಿಸಿ ಹೊಡೆದೆ, ಎಲೆ ಅಚ್ಚುಕಟ್ಟಾಗಿ ಬಿತ್ತು. ಮತ್ತೆ ಮಚ್ಚಿಗೆ ಹೊಡೆದೆ, ಇಲ್ಲ. ಒಳಗೆ ಓಡಿ ಅಡಿಗೆಮನೆಯಿಂದ ಅಲ್ಯೂಮಿನಿಯಂ ಮುಚ್ಚಳ ತಂದು ಅದಕ್ಕೂ ಒಂದು ಹೊಡೆದೆ. ನುಗ್ಗಿಯೇ ಹೋಯ್ತು. ನಮ್ಮ ಮನೆಯೋಳು ಹಿಂದೆಯೇ ಬಂದಳು. 'ಅಯ್ಯೋ ನಿಮ್ ಬುದ್ಧಿಗಿಷ್ಟು! ಅನ್ನದ ಮುಚ್ಚಳಕ್ಕೆ ಯಾವ ಸಂತೇಲಿ ಗಿರಾಕಿ ಕಾಯ್ತಾವ್ರೆ?' ಅಂತ ಕಿತ್ತುಕೊಂಡು ಹೋದಳು. ಆ ಮುಚ್ಚಳ ಈಗಲೂ ಇದೆ. ಅನ್ನ ಬೆಂದಾಗ ಮೊದಲು ಆ ಎಲೆಯ ಹತ್ತಿರವೇ ಆವಿ ಬರ್ತದೆ, ಒಂದು ಎಲೆ ತೂತಾಗಿದೆ.

ಹನ್ನೊಂದಕ್ಕೂ ಹೊಡೆದೆ. ಹನ್ನೊಂದೂ ತೊಳೆದ ಹಾಗೆ ಖಾಲಿ. ಬೆವರು ಕಿತ್ತುಕೊಂಡು ಬಂದಿತ್ತು. ಹೆದರಿಕೆ ಅಂತ ಹೇಳಕ್ಕಾಗಲ್ಲ. ಹಟ ಹಿಡಿದ ಎತ್ತಿನ ಮುಂದೆ ನಿಂತರೆ ಆಗ್ತದಲ್ಲ, ಹಾಗೆ. ನಾನು ಸುತ್ತಿಗೆ ಕೆಳಗಿಟ್ಟು ಕೂತೆ. ಚೈತ್ರ ಆ ಉಳಿ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

'ಈ ಎಲೆ ನಮ್ದಾ ತಾತ?' ಅಂದಳು.

ಮಗು ಸುಮ್ಮನೆ ಕೇಳಿದ್ದು. ಹೌದು ಅಂದಿದ್ದರೆ ಮುಗಿದುಹೋಗ್ತಿತ್ತು. ನಲವತ್ತು ವರ್ಷದಲ್ಲಿ ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ, ಅದಕ್ಕೋ ಏನೋ ಬಾಯಿಗೆ ಸುಳ್ಳು ಸಿಗಲಿಲ್ಲ. 'ಇಲ್ಲ ಕಣವ್ವ' ಅಂದೆ. ಕೋಟೆ ಕಡೆಯ ಆಚಾರ್ರ ವಿಷಯ, ನಮ್ಮಪ್ಪನ ವಿಷಯ, ನನ್ನ ಸೊಟ್ಟ ಎಲೆ, ಎಲ್ಲ ಹೇಳಿದೆ. ಗಲ್ಲಕ್ಕೆ ಕೈ ಕೊಟ್ಟುಕೊಂಡು ಕೇಳಿದಳು. ಬೈಯಲಿಲ್ಲ, ನಗಲಿಲ್ಲ.

'ಅಂಗಾದ್ರೆ ನಮ್ದು ಯಾವ್ದು?'

'ನಮ್ದು ಯಾವ್ದೂ ಇಲ್ಲ.'

ಅವಳು ಮೇಲೆ ನೋಡಿದಳು. ಕುಲುಮೆಯ ಸೂರಿನ ಹೆಂಚಿನ ಸಂದಿಯಲ್ಲಿ ಗುಬ್ಬಿ ಗೂಡು. ಅಷ್ಟು ಹೊಗೆ, ಅಷ್ಟು ಸದ್ದಿದ್ದರೂ ಪ್ರತಿ ವರ್ಷ ಅಲ್ಲೇ ಮರಿ ಮಾಡ್ತವೆ. 'ಅದು ನಮ್ದೇ ಅಲ್ವಾ?' ಅಂತ ಹೇಳಿ, ಸಣ್ಣ ಉಳಿಯೊಂದು ಆರಿಸಿಕೊಂಡು, ನಾನು ಬೇಡ ಅನ್ನೋದರೊಳಗೆ ಮೊದಲನೇ ಮಚ್ಚಿನ ಬೆನ್ನಿಗೆ ಇಟ್ಟು ಟಿಕ್ ಅಂತ ಹೊಡೆದಳು. ಮಚ್ಚು ಆಗ ತಣ್ಣಗಾಗಿತ್ತು, ನೆನಪಿಡಿ. ಬಿಸಿಯಲ್ಲಿ ನನ್ನ ಏಟಿಗೆ ಜಗ್ಗದ ಕಬ್ಬಿಣ, ತಣ್ಣಗಿದ್ದಾಗ ಹತ್ತು ವರ್ಷದ ಹುಡುಗಿಯ ಏಟಿಗೆ ಗೀಟು ಕೊಟ್ಟಿತು! ಒಂದು ಗೀಟು ಬೆನ್ನಿಗೆ, ಒಂದು ಹೊಟ್ಟೆಗೆ, ಒಂದು ಬಾಲಕ್ಕೆ, ಕೊಕ್ಕಿಗೊಂದು, ಕಣ್ಣಿಗೊಂದು ಚುಕ್ಕಿ. ಗುಬ್ಬಿ ಅಂತ ಹೇಳಿದರೆ ಗುಬ್ಬಿ, ಹೇಳದೆ ಇದ್ದರೆ ಬದನೆಕಾಯಿ. ಆದರೂ ಗಾಯ ಆಳವಾಗಿ, ಒಂದು ಚೂರೂ ಅಳುಕಿಲ್ಲದೆ ಬಿದ್ದಿತ್ತು. ಹಲಗೆಯ ಮೇಲಿಂದ ಸದ್ದು ಬರಲಿಲ್ಲ.

ಸಂಜೆಯವರೆಗೂ ಕೂತು ಹತ್ತು ಮಚ್ಚಿಗೆ ಗುಬ್ಬಿ ಕೆತ್ತಿದಳು. ಹನ್ನೊಂದನೇದಕ್ಕೆ ಕೈ ನೋವು ಅಂದಳು, ಹಾಗೇ ಬಿಟ್ಟೆವು.

ಮಾರನೇ ದಿನ ಮಾದಪ್ಪ ಬಂದ. ಹುಣಸೆಹಣ್ಣು ಮುಟ್ಟಿಸಿಲ್ಲ, ಉಳೀನೂ ಮುಟ್ಟಿಸಿಲ್ಲ, ಈ ಹೆಸರು ಆಮೇಲೆ ಯಾರೋ ಕೆತ್ತಿದ್ದು ಅಂತ ಒಂದೇ ಉಸಿರಿಗೆ ಹೇಳಿದೆ. ಅವನ ಮುಖ ಇದ್ದಲಾಯ್ತು.

'ನಾಕ್ನೇ ಕ್ಲಾಸು ಓದ್ದೋನು ಜಪಾನ್ ಓದ್ಬುಟ್ಯಾ?'

'ಜಪಾನ್ ಓದಿಲ್ಲ ಕಣ್ಲಾ, ಉಳಿ ಓದಿವ್ನಿ. ಇಂಗೆ ಸುಳ್ಳು ಕೆತ್ತೋದು ಎಂಗೆ ಅಂತ ನಂಗೊತ್ತು' ಅಂದು ನನ್ನ ಮೂರೆಲೆಯ ವಿಷಯವನ್ನೂ ಹೇಳಿಬಿಟ್ಟೆ. ಒಂದು ಸಲ ಬಾಯಿ ಬಿಟ್ಟ ಮೇಲೆ ಎರಡನೇ ಸಲ ಕಷ್ಟ ಆಗಲ್ಲ.

ಮಾದಪ್ಪ ನನ್ನನ್ನ ಮೇಲಿಂದ ಕೆಳಗೆ ನೋಡಿದ. 'ಅದು ನಂಗೊತ್ತಿತ್ತು ಬುಡು' ಅಂದ.

'ಗೊತ್ತಿತ್ತಾ?'

'ಊರಿಗೇ ಗೊತ್ತು ಕಣ್ಲಾ. ಕೋಟೆ ಆಚಾರ್ರು ಸತ್ತು ಯಾವ ಕಾಲ ಆಯ್ತು, ನೀನಿನ್ನೂ ಅವರ ಮಚ್ಚು ತತ್ತಾನೇ ಇದ್ದೀಯ. ಅವರ್ದು ಎಲ್ಡ್ ವರ್ಸಕ್ಕೇ ಮೊಂಡಾಯ್ತಿತ್ತು ಅಂತ ನಮ್ಮಪ್ಪನೇ ಬಯ್ಯೋನು. ನಿಂದು ತಕ್ಕೊಂಡು ಹದಿನಾಲ್ಕ್ ವರ್ಸ ಆಯ್ತು. ನಾವೇನು ಎಲೆ ನೋಡಿ ತಕ್ಕೊಂತೀವಾ? ನಿನ್ ಮೊಕ ನೋಡಿ ತಕ್ಕೊಂತೀವಿ. ಎಲೆ ನಿಂಗೆ ಕುಸಿ ಅಂತ ಸುಮ್ಕಿದ್ವಿ.'

ನೋಡಿ, ನಲವತ್ತು ವರ್ಷ ಹೊಟ್ಟೇಲಿ ಕೆಂಡ ಇಟ್ಟುಕೊಂಡು ತಿರುಗಿದ್ದೀನಿ, ಊರೆಲ್ಲ ಅದರಲ್ಲಿ ಕೈ ಕಾಯಿಸಿಕೊಂಡು ಕೂತಿದೆ. ನನಗೆ ಅಳು ಬಂತೋ ನಗು ಬಂತೋ ಗೊತ್ತಿಲ್ಲ. ಎರಡೂ ಬಂತು ಅಂತ ಚೈತ್ರ ಹೇಳ್ತಾಳೆ.

ಶನಿವಾರ ಮೈಸೂರಿನವರು ಬಂದರು. ವಯಸ್ಸಾದ ತಾಳ್ಮೆಯ ಮನುಷ್ಯ. ಬಿಳೀ ಬಟ್ಟೆ ಹಾಸಿ, ಕೈ ತೊಳೆದು, ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದರು. ಕೊನೆಗೆ ಹೆಸರು ಸುಳ್ಳು ಅಂದರು. ಜಪಾನಿನಲ್ಲೇ ಯಾವುದೋ ಕಾಲದಲ್ಲಿ, ಬೆಲೆ ಹೆಚ್ಚಲಿ ಅಂತ ದೊಡ್ಡವರ ಹೆಸರು ಕೆತ್ತಿದ್ದಾರೆ, ಇಂಥವು ಬೇಕಾದಷ್ಟಿವೆ ಅಂದರು.

'ಅಂಗಾದ್ರೆ ಇದ್ರ ಬೆಲೆ ಎಂಗೆ ಸ್ವಾಮಿ?' ಅಂತ ಮಾದಪ್ಪ ಸಣ್ಣ ದನಿಯಲ್ಲಿ ಕೇಳಿದ.

ಅವರು ನಮಗೆ ತಿಳಿಯೋ ಹಾಗೆ ಹೇಳಿದರು. 'ಈ ಹೆಸರು ನಿಜ ಆಗಿದ್ದರೆ ಮೈಸೂರಲ್ಲಿ ಒಂದು ಮನೆ ಬರ್ತಿತ್ತು. ಹೆಸರೇ ಇಲ್ಲದೆ ಬರೀ ಅಲಗು ಇದ್ದಿದ್ದರೆ ಒಂದು ಟ್ರಾಕ್ಟರ್. ಸುಳ್ಳು ಹೆಸರು ಇರೋದರಿಂದ ಒಂದು ಹಳೇ ಬೈಕು, ಅಷ್ಟೇ. ಅಲಗಿನ ಕೆಲಸ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಹಳೇದು, ಬಹಳ ಚೆನ್ನಾಗಿದೆ. ಮಾಡಿದವನು ಹೆಸರು ಹಾಕಿಲ್ಲ. ಅವನನ್ನ ಕೆಡಿಸಿದ್ದು ಈ ಹೆಸರೇ.'

ಹೆಸರಿಲ್ಲದ್ದಕ್ಕೆ ಟ್ರಾಕ್ಟರ್, ಸುಳ್ಳು ಹೆಸರಿಗೆ ಹಳೇ ಬೈಕು! ಮಾದಪ್ಪ ನನ್ನ ಕಡೆ ನೋಡಿದ, ನಾನು ಗೋಡೆ ಕಡೆ ನೋಡಿದೆ.

ಬಾಲದ ತುಕ್ಕು ತಿಕ್ಕದೆ ಬಿಟ್ಟಿದ್ದಕ್ಕೆ ಅವರು ಬಹಳ ಸಂತೋಷಪಟ್ಟರು. ಕತ್ತಿಯ ವಯಸ್ಸು ಹೇಳೋದೇ ಆ ತುಕ್ಕಂತೆ. ಯಾರು ಕಾಪಾಡಿದ್ದು ಅಂತ ಕೇಳಿದರು. ಮಾದಪ್ಪ ನನ್ನನ್ನ ತೋರಿಸಿದ. ಅಲಗು ಮಾತ್ರ ಯಾಕೆ ಇಷ್ಟು ಸವೆದಿದೆ ಅಂತ ಕೇಳಿದರು. ಬೂದುಗುಂಬಳಕಾಯಿ ವಿಷಯ ಚೈತ್ರ ಹೇಳಿಬಿಟ್ಟಳು. ಅವರು ಎದೆ ಹಿಡಿದುಕೊಂಡು ನೀರು ಕೇಳಿದರು.

ಮಾದಪ್ಪ ಮಾರಲಿಲ್ಲ. 'ಎಸ್ರು ಸುಳ್ಳಾದ್ರೆ ಕತ್ತಿ ಸುಳ್ಳಾ? ಇಂಥಾ ಕತ್ತಿ ಸುಮ್ನೆ ಸಿಪಾಯಿ ತಾವ ಇರ್ತದಾ? ನಮ್ ತಾತಂಗೆ ದೊಡ್ಡೋನೇ ಕೊಟ್ಟಿರ್ಬೇಕು' ಅಂತ ಈಗಲೂ ವಾದ ಮಾಡ್ತಾನೆ. ತಿಕ್ಕೋದು ನಿಲ್ಲಿಸಿದ್ದಾನೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ ಪೂಜೆಗಿಡ್ತಾನೆ. ಬೂದುಗುಂಬಳಕಾಯಿ ಒಡೆಯೋದು ನನ್ನ ಮಚ್ಚಲ್ಲಿ, ಗುಬ್ಬಿ ಇರೋದರಲ್ಲಿ.

ಈಗ ಆ ಮಧ್ಯಾಹ್ನದ ವಿಷಯ. ಕೇಳಿದವರೆಲ್ಲ ಒಂದೊಂದು ಹೇಳ್ತಾರೆ. ಹದ ಹಾಕಿ ಮರೆತಿದ್ದೆ, ಕಬ್ಬಿಣ ಆಗಲೇ ಗಟ್ಟಿಯಾಗಿತ್ತು ಅಂತಾರೆ ಕೆಲವರು. ಹಾಗಾದರೆ ಮಗುವಿನ ಉಳಿ ಹೆಂಗೆ ಇಳೀತು? ನಿಮ್ಮ ಮನಸ್ಸೇ ಕೈ ಹಿಡಿದಿತ್ತು, ಏಟೇ ಮೆತ್ತಗೆ ಬಿದ್ದಿತ್ತು ಅಂದರು ನಮ್ಮೂರ ಮೇಷ್ಟ್ರು. ಇರಬಹುದು. ಆದರೆ ಅಷ್ಟೇ ಏಟಿಗೆ ಹಳೇ ಕುಳದ ತುಂಡಿನ ಮೇಲೆ ಎಲೆ ಬಿತ್ತಲ್ಲ? 'ಣಿನ್' ಸದ್ದಿಗೆ ಮಾತ್ರ ಚೈತ್ರ ಸಮಾಧಾನ ಕೊಟ್ಟಳು. ಒಂದು ಕಬ್ಬಿಣ ಬಡಿದರೆ ಹತ್ತಿರದ ಇನ್ನೊಂದು ಕಬ್ಬಿಣ ಅದುರ್ತದಂತೆ, ಪುಸ್ತಕದಲ್ಲಿದೆಯಂತೆ. ಸರಿ, ಹಾಗಾದರೆ ಅವಳು ಗುಬ್ಬಿ ಹೊಡೆದಾಗ ಯಾಕೆ ಅದುರಲಿಲ್ಲ ಅಂದೆ. 'ಅದು ಸಿಲಬಸ್‌ನಲ್ಲಿ ಇಲ್ಲ ತಾತ' ಅಂದಳು.

ಸಿಲಬಸ್ ಅಂದೆನಲ್ಲ, ಈಗ ಹೇಳಿಬಿಡ್ತೀನಿ, ಇನ್ನು ತಡೆಯಕ್ಕಾಗಲ್ಲ. ನನ್ನ ಮೊಮ್ಮಗಳು ಐಟಿಐ ಫಿಟ್ಟರ್ ಪಾಸಾದಳು! ಅವಳ ಬ್ಯಾಚಿನಲ್ಲಿ ಇವಳೊಬ್ಬಳೇ ಹುಡುಗಿ. ಪಾಸಾಗಿ ಬಂದವಳು ಹೋದ ವಾರ ಬೆಳಿಗ್ಗೆ ಕುಲುಮೆಗೆ ಬಂದು, 'ತಾತ, ಇವತ್ತು ನೀನು ಆಚೆ ಕೂತ್ಕೊ' ಅಂದಳು. ನಾನು ಜಗಲಿ ಮೇಲೆ ಕೂತೆ. ಪಟ್ಟಿ ಕಾಯಿಸಿದ್ದು ಅವಳೇ, ಬಡಿದದ್ದು ಅವಳೇ, ಹದ ಹಾಕಿದ್ದೂ ಅವಳೇ. ಏಟಿನ ಸದ್ದು ಕೇಳ್ತಾ ಕೇಳ್ತಾ, ಎಲ್ಲಿ ಹೆಚ್ಚು ಎಲ್ಲಿ ಕಮ್ಮಿ ಅಂತ ಕಣ್ಣು ಮುಚ್ಚಿ ಎಣಿಸ್ತಾ ಕೂತಿದ್ದೆ. ಒಂದೂ ಹೆಚ್ಚಿರಲಿಲ್ಲ. ಅವಳ ಅಜ್ಜಿ ಒಳಗೂ ಹೊರಗೂ ಹತ್ತು ಸಲ ಓಡಾಡಿ, ಕೊನೆಗೆ, 'ಹೆಣ್ಣುಡ್ಗಿ ಕೈ ನಿಮ್ ಕೈಗಿಂತ ಚೆಂದಾಗೈತೆ' ಅಂದಳು. ಐವತ್ತು ವರ್ಷದಲ್ಲಿ ನನ್ನ ಕೈ ಚೆನ್ನಾಗಿದೆ ಅಂತ ಅವಳು ಹೇಳಿದ್ದು ಅದೇ ಮೊದಲು, ಅದೂ ಹೀಗೆ ಸುತ್ತಿ ಬಳಸಿ.

ಮಚ್ಚಿನ ಬೆನ್ನಿಗೆ ಅವಳು ಗುಬ್ಬಿ ಒತ್ತಿದಳು. ಈಗ ಅದಕ್ಕೂ ಅಚ್ಚಿನ ಉಳಿ ಇದೆ, ತಾನೇ ಮಾಡಿಕೊಂಡದ್ದು. ಬದನೆಕಾಯಿ ಅಲ್ಲ, ಗುಬ್ಬಿಯೇ. ಮಾದಪ್ಪನಿಗೆ ತೋರಿಸಿದೆ, ಸಂತೇಲಿ ಸಿಕ್ಕಿದವರಿಗೆಲ್ಲ ತೋರಿಸಿದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ತೋರಿಸಕ್ಕೆ ಹೋದೆ. ಮಚ್ಚು ಕೆಳಗಿಡಿ ಅಜ್ಜ ಅಂತ ಕಂಡಕ್ಟರ್ ಗದರಿದ.

ಅವತ್ತು ಕೆಲಸ ಮುಗಿದ ಮೇಲೆ ಚೈತ್ರ ಹಳೇ ಡಬ್ಬಿಯಿಂದ ಆ ಮೂರೆಲೆಯ ಉಳಿ ಹುಡುಕಿ ತೆಗೆದಳು. ಎಂಟು ವರ್ಷದಿಂದ ನಾನು ಅದನ್ನ ಮುಟ್ಟಿರಲಿಲ್ಲ. ಉಳಿದಿದ್ದ ಸ್ಪ್ರಿಂಗ್ ಪಟ್ಟಿಯ ತುಂಡು ಕಾಯಿಸಿ ಒಂದು ಏಟು ಹಾಕಿದಳು. ಮೂರೆಲೆ ಸ್ಪಷ್ಟವಾಗಿ ಬಿತ್ತು, ಸೊಟ್ಟ ಎಲೆ ಸೊಟ್ಟಗೇ. 'ಚೆನ್ನಾಗೇ ಬೀಳ್ತದಲ್ಲ ತಾತ!' ಅಂತ ನಕ್ಕಳು. ಅದೇ ಉಳಿ, ಅದೇ ಥರದ ಕಬ್ಬಿಣ. ಅವತ್ತು ಯಾಕೆ ಬೀಳಲಿಲ್ಲ?

ಆ ಹನ್ನೊಂದನೇ ಮಚ್ಚನ್ನ ನಾನು ಮಾರಿಲ್ಲ. ಕುಲುಮೆಯ ಗೋಡೆಗೆ ನೇತುಹಾಕಿದ್ದೀನಿ. ಈ ಕತೆ ಹೇಳಿದಾಗಲೆಲ್ಲ ಇಳಿಸಿ ಕೈಗೆ ಕೊಡ್ತೀನಿ. ನನ್ನ ಹತ್ತಿರ ಇರೋ ಸಾಕ್ಷಿ ಅದೊಂದೇ. ಜನ ಬೆಳಕಿಗೆ ಹಿಡಿದು, ತಿರುಗಿಸಿ, ಬೆನ್ನ ಮೇಲೆ ಬೆರಳಾಡಿಸಿ, 'ಇದರ ಮೇಲೆ ಏನೂ ಇಲ್ವಲ್ಲ ಅಜ್ಜ' ಅಂತಾರೆ.

ಅದೇ ಕಣಪ್ಪಾ ನಾನು ಹೇಳ್ತಿರೋದು.